ಕ್ಯಾರವಾನ್ ಅಪ್‌ಗ್ರೇಡ್ ಮಾಡ್ಬೇಕಾ? ಟ್ರೇಡ್-ಇನ್ ರೇಟ್ ಬಿಡಿ, ಚೇಂಜ್‌ಓವರ್ ಎಷ್ಟು ಅಂತ ಕೇಳಿ

ಮೆಲ್ಬರ್ನ್ ಪಶ್ಚಿಮದ ಕಡೆ, ಟಾರ್ನೀಟ್, ಪಾಯಿಂಟ್ ಕುಕ್, ವಿಂಡಮ್ ವೇಲ್ ಕಡೆ ಇರೋ ನಮ್ಮ ಕನ್ನಡದವರ ಮನೆಗಳಲ್ಲಿ ಕೋವಿಡ್ ಟೈಮಲ್ಲಿ ಒಂದು ಹೊಸ ಸಾಮಾನು ಬಂದು ಸೇರ್ಕೊಂಡಿತು, ಅದೇ ಕ್ಯಾರವಾನ್, ಕಾರಿನ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಗಾಲಿ ಮನೆ, ಬಾಯಿಮಾತಲ್ಲಿ ಬರೀ ವ್ಯಾನ್. ಊರಿಗೆ ಹೋಗೋಕೆ ಆಗ್ತಿರ್ಲಿಲ್ಲ, 2020ರ ಮಾರ್ಚ್ 20ಕ್ಕೆ ಮುಚ್ಚಿದ ಆಸ್ಟ್ರೇಲಿಯಾ ಬಾರ್ಡರ್ ಲಸಿಕೆ ಹಾಕಿಸಿಕೊಂಡ ವೀಸಾದವರಿಗೆಲ್ಲ ಸರಿಯಾಗಿ ತೆರೆದಿದ್ದು 2022ರ ಫೆಬ್ರವರಿ 21ಕ್ಕೆ. ಎರಡು ವರ್ಷ ಬೆಂಗಳೂರು ಟಿಕೆಟ್ ದುಡ್ಡು ಉಳೀತು, ಮಕ್ಕಳು ಮನೇಲೇ ಕೂತು ಬೇಜಾರಾಗಿದ್ರು, ಸರಿ ಅಂತ ನಾವೂ 2021ರಲ್ಲಿ ಮಕ್ಕಳಿಗೆ ಮೇಲೊಂದು ಕೆಳಗೊಂದು ಹಾಸಿಗೆ ಇರೋ ಒಂದು ಬಂಕ್ ವ್ಯಾನ್ ಬುಕ್ ಮಾಡಿದ್ವಿ. ಈಗ ಅದೇ ವ್ಯಾನುಗಳಿಗೆ ನಾಲ್ಕೈದು ವರ್ಷ ಆಗಿದೆ, ಮಕ್ಕಳು ಬಂಕಿಗೆ ಉದ್ದ ಆಗ್ತಿದಾರೆ, ಯಾರ ಮನೆಗೆ ಊಟಕ್ಕೆ ಹೋದ್ರೂ "ಅಪ್‌ಗ್ರೇಡ್ ಮಾಡೋಣ ಅಂತಿದೀವಿ, ನಮ್ಮದಕ್ಕೆ ಎಷ್ಟು ಬರಬಹುದು" ಅನ್ನೋ ಮಾತೇ. ನಾನು ಆರು ತಿಂಗಳು ಇದರ ಹಿಂದೆ ಬಿದ್ದು ಡೀಲರ್ ಯಾರ್ಡುಗಳು, ಕ್ಯಾಂಪ್‌ಬೆಲ್‌ಫೀಲ್ಡಿನ ಕ್ಯಾರವಾನ್ ಫ್ಯಾಕ್ಟರಿಗಳು ಎಲ್ಲ ಸುತ್ತಿ ಬಂದೆ, ನನಗೆ ಕಂಡಿದ್ದು ಇಷ್ಟು: "ನಮ್ಮದಕ್ಕೆ ಎಷ್ಟು ಬರುತ್ತೆ" ಅನ್ನೋ ಪ್ರಶ್ನೇನೇ ನಮ್ಮನ್ನ ದಾರಿ ತಪ್ಪಿಸುತ್ತೆ.

ಮೊದಲು ಬೆಲೆ ಯಾಕೆ ಇಳಿಯುತ್ತೆ ಅಂತ ನೋಡೋಣ. ಹೊಸ ವ್ಯಾನ್ ಬೆಲೇಲಿ ಜಿಎಸ್‌ಟಿ ಸೇರಿರುತ್ತೆ. ಆಸ್ಟ್ರೇಲಿಯಾದಲ್ಲಿ ಜಿಎಸ್‌ಟಿ 10%, ಅಂದ್ರೆ ಒಟ್ಟು ಬೆಲೇಲಿ ಹನ್ನೊಂದನೇ ಒಂದು ಭಾಗ. 75,000 ಡಾಲರಿನ ವ್ಯಾನಲ್ಲಿ ಸುಮಾರು 6,800 ಡಾಲರ್ ಬರೀ ತೆರಿಗೆ. ಅದರ ಮೇಲೆ ಡೀಲರ್ ಮಾರ್ಜಿನ್ನು, ಫ್ಯಾಕ್ಟರಿಯಿಂದ ಯಾರ್ಡಿಗೆ ತಂದ ಖರ್ಚು, ಡೆಲಿವರಿ ಮುಂಚಿನ ಚೆಕಿಂಗು. ಇವೆಲ್ಲ ಕೊಟ್ಟಿದ್ದು ನೀವು, ಆದ್ರೆ ನಾಳೆ ನಿಮ್ಮ ಹತ್ರ ತಗೊಳ್ಳೋನು ಇದನ್ನೆಲ್ಲ ನಿಮಗೆ ವಾಪಸ್ ಕೊಡೋಕೆ ಯಾವ ಕಾರಣವೂ ಇಲ್ಲ. ಹಾಗಾಗಿ ವ್ಯಾನ್ ಗೇಟ್ ದಾಟಿದ ದಿನವೇ ಒಂದು ದೊಡ್ಡ ಮೊತ್ತ ಹೋಗಿಬಿಟ್ಟಿರುತ್ತೆ, ನೀವು ಎಷ್ಟೇ ಜೋಪಾನವಾಗಿ ಇಟ್ಕೊಂಡ್ರೂ ಅಷ್ಟೇ. ಆಮೇಲೆ ವಾರಂಟಿ ಮುಗಿಯೋವರೆಗೂ ಇಳಿಕೆ ಜೋರಾಗೇ ಇರುತ್ತೆ, ಅದಾದ್ಮೇಲೆ ನಿಧಾನ ಆಗುತ್ತೆ, ಹತ್ತು ವರ್ಷದ ಹೊತ್ತಿಗೆ ವಯಸ್ಸಿಗಿಂತ ಕಂಡೀಶನ್ನೇ ಬೆಲೆ ತೀರ್ಮಾನ ಮಾಡುತ್ತೆ. ಬೆಟ್ಟ ಇಳಿಯೋ ಹಾಗೆ, ಮೇಲ್ಗಡೆ ಕಡಿದಾದ ಇಳಿಜಾರು, ಕೆಳಗೆ ಬಂದಂಗೆ ಬಯಲು. ಎರಡು ಮೂರು ವರ್ಷಕ್ಕೊಮ್ಮೆ ಹೊಸದು ತಗೊಳ್ಳೋರು ಆ ಕಡಿದಾದ ಭಾಗವನ್ನೇ ಮತ್ತೆ ಮತ್ತೆ ಇಳೀತಾ ಇರ್ತಾರೆ, ಬಯಲು ಅವರಿಗೆ ಸಿಗೋದೇ ಇಲ್ಲ.

ಇಲ್ಲಿ ಕೋವಿಡ್ ನಮ್ಮ ತಲೆ ಕೆಡಿಸಿದೆ. 2021ರಲ್ಲಿ ಹೊಸ ವ್ಯಾನಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು, ನಾವೇ ಒಂಬತ್ತು ತಿಂಗಳು ಕಾದ್ವಿ, ಅದಕ್ಕೇ ಸೆಕೆಂಡ್ ಹ್ಯಾಂಡ್ ಕೂಡ ಹೊಸದರ ಬೆಲೆಗೆ ಹೋಗ್ತಿತ್ತು. ನನ್ನ ಸ್ನೇಹಿತರೊಬ್ಬರು ಎರಡು ವರ್ಷ ಬಳಸಿ ಕೊಂಡ ರೇಟಿಗೇ ಮಾರಿದ್ರು, ಆ ಕತೆ ಎಲ್ಲರ ಬಾಯಲ್ಲೂ ಇದೆ, "ಕ್ಯಾರವಾನ್ ಅಂದ್ರೆ ಸೈಟ್ ಇದ್ದಂಗೆ, ದುಡ್ಡು ಎಲ್ಲೂ ಹೋಗಲ್ಲ" ಅಂತ ನಂಬಿದೋರು ಈಗಲೂ ಇದಾರೆ. ಆ ಕಾಲ ಮುಗೀತು. ಬಾರ್ಡರ್ ತೆಗೆದ್ಮೇಲೆ ಜನ ಮತ್ತೆ ವಿಮಾನ ಹತ್ತಿದ್ರು, ರಿಸರ್ವ್ ಬ್ಯಾಂಕ್ ಬಡ್ಡಿ 2022ರ ಮೇ ತನಕ 0.10% ಇದ್ದದ್ದು 2023ರ ನವೆಂಬರಿಗೆ 4.35% ಆಯ್ತು, ಮನೆ ಇಎಂಐ ಏರಿದಾಗ ಮೊದಲು ಮಾರೋಕೆ ಇಡೋದು ಹಿತ್ತಲಲ್ಲಿ ನಿಂತಿರೋ ವ್ಯಾನನ್ನೇ. ಕಾಯ್ತಾ ಇದ್ದ ಆರ್ಡರುಗಳೆಲ್ಲ ಒಟ್ಟಿಗೆ ಡೆಲಿವರಿ ಆಗಿ ಯಾರ್ಡುಗಳು ತುಂಬಿದ್ವು. ಅಂದ್ರೆ ಕೋವಿಡ್ ರೇಟಲ್ಲಿ ಕೊಂಡವರು ಎರಡು ಥರ ಇಳಿಕೆ ನೋಡ್ತಿದಾರೆ, ಒಂದು ವ್ಯಾನ್ ಹಳೇದಾಗಿದ್ದಕ್ಕೆ, ಇನ್ನೊಂದು ಅವತ್ತಿನ ಬೆಲೇನೇ ಊದಿಕೊಂಡಿದ್ದಕ್ಕೆ. ಎರಡನೇದು ನಿಮ್ಮ ತಪ್ಪಲ್ಲ, ಆದ್ರೆ ಅದನ್ನ ಮುಂದಿನ ಖರೀದಿದಾರನ ಹತ್ರ ವಸೂಲಿ ಮಾಡೋಕೂ ಆಗಲ್ಲ. 2021ರಲ್ಲಿ ಕೊಟ್ಟ ಬೆಲೆ ಮನಸ್ಸಲ್ಲಿ ಇಟ್ಕೊಂಡು ಇವತ್ತು ರೇಟ್ ಹೇಳಿದ್ರೆ ಜಾಹೀರಾತು ಮೂರು ತಿಂಗಳು ಹಂಗೇ ಕೂತಿರುತ್ತೆ, ನಾವೇ ಅನುಭವಿಸಿದೀವಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಡೀಲರ್ ಹತ್ರ ಹೋದಾಗ ಎರಡು ನಂಬರ್ ಇರುತ್ತೆ, ಹೊಸ ವ್ಯಾನಿನ ಬೆಲೆ ಮತ್ತೆ ನಿಮ್ಮ ಹಳೇದಕ್ಕೆ ಕೊಡೋ ಟ್ರೇಡ್-ಇನ್. ಇವೆರಡರ ನಡುವಿನ ವ್ಯತ್ಯಾಸಕ್ಕೆ ಇಲ್ಲಿ ಚೇಂಜ್‌ಓವರ್ ಅಂತಾರೆ, ನಿಮ್ಮ ಜೇಬಿಂದ ಹೋಗೋದು ಅದೊಂದೇ. ಒಂದು ಉದಾಹರಣೆ ಹೇಳ್ತೀನಿ, ಲೆಕ್ಕಕ್ಕೆ ಅನುಕೂಲ ಆಗ್ಲಿ ಅಂತ ನಾನೇ ಹಾಕಿರೋ ನಂಬರುಗಳು ಇವು. ಮೊದಲನೇ ಡೀಲರ್ "ನಿಮ್ಮ ವ್ಯಾನ್ ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ, 52,000 ಕೊಡ್ತೀನಿ" ಅಂತಾನೆ, ಹೊಸ ವ್ಯಾನಿಗೆ ಬೋರ್ಡ್ ಮೇಲಿನ 105,000 ಬೆಲೆ ಹಂಗೇ ಇರುತ್ತೆ. ಎರಡನೇ ಡೀಲರ್ ನಿಮ್ಮದಕ್ಕೆ ಬರೀ 44,000 ಅಂತಾನೆ, ಆದ್ರೆ ಅದೇ ಹೊಸ ವ್ಯಾನನ್ನ 94,000ಕ್ಕೆ ಬಿಡ್ತಾನೆ. ಮೊದಲನೇ ಕಡೆ ಚೇಂಜ್‌ಓವರ್ 53,000, ಎರಡನೇ ಕಡೆ 50,000. ಹಳೇ ವ್ಯಾನಿಗೆ 8,000 ಜಾಸ್ತಿ ಕೊಟ್ಟೋನ ಹತ್ರ ನೀವು 3,000 ಕಳ್ಕೊಂಡ್ರಿ. ಆದ್ರೂ ಮನೆಗೆ ಬಂದು ಖುಷಿಯಿಂದ ಹೇಳ್ಕೊಳ್ಳೋದು ಮೊದಲನೇದನ್ನೇ, ನಮ್ಮ ವಸ್ತುವಿಗೆ ಬೆಲೆ ಬಂತು ಅನ್ನೋ ಸಮಾಧಾನ ಅಷ್ಟು ದೊಡ್ಡದು. ನಾನು ಹೋದ ಒಂದು ಯಾರ್ಡಲ್ಲಿ ಚೇಂಜ್‌ಓವರ್ ಎಷ್ಟು ಅಂತ ನೇರವಾಗಿ ಕೇಳಿದ್ರೆ ಮೂರು ಸಲ ಮಾತು ತಿರುಗಿಸಿದ್ರು, ಕೊನೆಗೂ ಕಾಗದದ ಮೇಲೆ ಬರ್ದು ಕೊಡಲಿಲ್ಲ, ಅಲ್ಲಿಂದ ಎದ್ದು ಬಂದೆ. ಬರವಣಿಗೇಲಿ ಕೊಡದೆ ಇರೋ ರೇಟನ್ನ ರೇಟ್ ಅಂತ ಎಣಿಸಲೇಬೇಡಿ.

ಹಾಗಂತ ಡೀಲರ್ ಕಡಿಮೆ ಕೊಟ್ರೆ ಮೋಸ ಅಂತಾನೂ ಅಲ್ಲ. ಅವನು ನಿಮ್ಮ ವ್ಯಾನನ್ನ ತೊಳೆದು, ಬೇರಿಂಗು ಟಯರು ನೋಡಿ, ಯಾರ್ಡಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿ, ಅದಕ್ಕೆ ಬಡ್ಡಿ ಕಟ್ಟಿ ಮಾರಬೇಕು, ಮಾರಿದ ಮೇಲೆ ಗ್ರಾಹಕರ ಕಾನೂನಿನ ಪ್ರಕಾರ ಅವನಿಗೆ ಜವಾಬ್ದಾರಿ ಇರುತ್ತೆ. ಹಳೇ ವ್ಯಾನಿನ ಮೇಲೆ ಅವನಿಗೆ ಜಿಎಸ್‌ಟಿ ಹೆಚ್ಚುಕಮ್ಮಿ ಲಾಭದ ಅಂತರದ ಮೇಲಷ್ಟೇ ಬೀಳುತ್ತೆ, ಹಾಗಾಗಿ ಚೌಕಾಸಿ ಮಾಡೋಕೆ ಸ್ವಲ್ಪ ಜಾಗ ಇದ್ದೇ ಇರುತ್ತೆ. ನೀವೇ ಸ್ವಂತ ಮಾರಿದ್ರೆ ಮೇಲಿನ ಉದಾಹರಣೇಲಿ 48,000 ಬರಬಹುದು, 4,000 ಉಳಿಯುತ್ತೆ, ಆದ್ರೆ ಶನಿವಾರ ಭಾನುವಾರ ಎಲ್ಲ ನೋಡೋಕೆ ಬರೋರಿಗೆ ತೋರಿಸ್ತಾ ಕೂರಬೇಕು, ಅರ್ಧ ಜನ ಬರ್ತೀನಿ ಅಂದು ಬರೋದೇ ಇಲ್ಲ. ಕನ್‌ಸೈನ್‌ಮೆಂಟ್ ಅಂತ ಮಧ್ಯದ ದಾರಿ ಇದೆ, ವ್ಯಾನ್ ನಿಮ್ಮದೇ, ಡೀಲರ್ ತನ್ನ ಯಾರ್ಡಲ್ಲಿ ಇಟ್ಟು ಮಾರಿ ಕಮಿಷನ್ ತಗೋತಾನೆ. ಅದರಲ್ಲಿ ಎಷ್ಟು ದಿನದಲ್ಲಿ ಮಾರಬೇಕು, ಮಾರಿದ ದುಡ್ಡು ಯಾವತ್ತು ಕೈಗೆ ಬರುತ್ತೆ, ಯಾರ್ಡಲ್ಲಿದ್ದಾಗ ಇನ್ಶೂರೆನ್ಸ್ ಯಾರದು ಅನ್ನೋದನ್ನ ಮೊದಲೇ ಬರೆಸಿಕೊಳ್ಳಿ.

ಈಗ ನಮ್ಮನೇಲಿ ಅಪ್‌ಗ್ರೇಡ್ ಮಾತನ್ನೇ ನಿಲ್ಲಿಸಿದ ಲೆಕ್ಕ. ಅದೇ ಉದಾಹರಣೆ ಮುಂದುವರಿಸ್ತೀನಿ. 75,000 ಕೊಟ್ಟಿದ್ದು, ನಾಲ್ಕು ವರ್ಷ ಆದ್ಮೇಲೆ 48,000. ಹೋಗಿದ್ದು 27,000. ಶಾಲೆಗೆ ಹೋಗೋ ಮಕ್ಕಳಿರೋ ಮನೇಲಿ ವರ್ಷಕ್ಕೆ 30 ರಾತ್ರಿ ವ್ಯಾನಲ್ಲಿ ಮಲಗಿದ್ರೆ ಅದೇ ಹೆಚ್ಚು, ನಾಲ್ಕು ವರ್ಷಕ್ಕೆ 120 ರಾತ್ರಿ. ಅಂದ್ರೆ ಒಂದು ರಾತ್ರಿಗೆ 225 ಡಾಲರ್ ಬರೀ ಸವಕಳಿ, ಕ್ಯಾರವಾನ್ ಪಾರ್ಕಿನ ಸೈಟ್ ಬಾಡಿಗೆ ಬೇರೆ, ರೆಜೋ ಅಂದ್ರೆ ರಿಜಿಸ್ಟ್ರೇಷನ್ ಬೇರೆ, ಇನ್ಶೂರೆನ್ಸ್ ಬೇರೆ, ಹೊಸ ಬಡಾವಣೆಗಳ ಮನೇಲಿ ಪಕ್ಕದಲ್ಲಿ ಗೇಟಿಡೋ ಜಾಗ ಇಲ್ಲದೆ ತಿಂಗಳು ತಿಂಗಳು ಕಟ್ಟೋ ಸ್ಟೋರೇಜ್ ಬೇರೆ. ಸರಿ, ಅದು ಆಗಿಹೋಯ್ತು, ಹೋದ ದುಡ್ಡು ಹೋಯ್ತು. ಮುಂದಿನ ನಾಲ್ಕು ವರ್ಷ ನೋಡೋಣ. ಅದೇ ವ್ಯಾನ್ ಇಟ್ಕೊಂಡ್ರೆ 48,000 ಇದ್ದದ್ದು 36,000ಕ್ಕೆ ಇಳೀಬಹುದು ಅಂತಿಟ್ಕೊಳ್ಳಿ, 12,000 ಹೋಯ್ತು, ರಾತ್ರಿಗೆ 100. ಹೊಸದು 94,000ಕ್ಕೆ ತಗೊಂಡ್ರೆ, ಹಳೇದು ಇಳಿದ ಲೆಕ್ಕದಲ್ಲೇ ಅಂದ್ರೆ 36% ಇಳಿದ್ರೆ ಸುಮಾರು 33,800 ಹೋಗುತ್ತೆ, ರಾತ್ರಿಗೆ 280ರ ಮೇಲೆ. ಚೇಂಜ್‌ಓವರಿನ 50,000 ಸಾಲ ಮಾಡಿದ್ರೆ, 8% ಬಡ್ಡಿ ಏಳು ವರ್ಷದ ಅವಧಿ ಅಂದ್ರೆ ಮೊದಲ ನಾಲ್ಕು ವರ್ಷದಲ್ಲಿ ಕಟ್ಟೋ ಬಡ್ಡಿನೇ 12,000 ದಾಟುತ್ತೆ, ರಾತ್ರಿಗೆ ಇನ್ನೊಂದು 100. ಒಟ್ಟು ರಾತ್ರಿಗೆ 380 ಡಾಲರ್. ಹಳೇ ವ್ಯಾನಲ್ಲಿ ನೂರು, ಹೊಸದರಲ್ಲಿ ಮುನ್ನೂರ ಎಂಬತ್ತು, ಹೊರಗಡೆ ಅದೇ ಬ್ರೈಟ್ ಊರು, ಅದೇ ಲೇಕ್ಸ್ ಎಂಟ್ರನ್ಸ್ ಊರು, ಅದೇ ಮರದ ಕೆಳಗೆ ಅದೇ ಚಾಪೆ. ಈ ಲೆಕ್ಕ ನನ್ನ ಹೆಂಡತಿಗೆ ಒಂದು ಚೀಟೀಲಿ ಬರ್ದು ತೋರಿಸಿದೆ, ಅವಳು ಅದನ್ನ ಫ್ರಿಜ್ ಮೇಲೆ ಅಂಟಿಸಿದಾಳೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ರಾತ್ರಿಗಳು ಜಾಸ್ತಿಯಾದ್ರೆ ಚಿತ್ರ ಬೇರೆ. ರಿಟೈರ್ ಆಗಿ ಚಳಿಗಾಲ ಪೂರ್ತಿ ಉತ್ತರಕ್ಕೆ, ಕ್ವೀನ್ಸ್‌ಲ್ಯಾಂಡಿಗೆ ಡಾರ್ವಿನ್ನಿಗೆ ಹೋಗಿ ಕೂರೋ ಗ್ರೇ ನೋಮ್ಯಾಡ್ಸ್ ವರ್ಷಕ್ಕೆ 150 ರಾತ್ರಿ ಮಲಗ್ತಾರೆ ಅಂದ್ರೆ ಅದೇ ಸವಕಳಿ ರಾತ್ರಿಗೆ ಐವತ್ತರವತ್ತು ಡಾಲರಿಗೆ ಬಂದುಬಿಡುತ್ತೆ, ಅವರಿಗೆ ಒಳ್ಳೆ ಹಾಸಿಗೆ, ಒಳಗೇ ಶವರ್ ಇರೋ ಹೊಸ ವ್ಯಾನ್ ನಿಜವಾಗ್ಲೂ ಬೇಕು. ನಮ್ಮಂಥ ಸ್ಕೂಲ್ ರಜದ ಕ್ಯಾಂಪಿಂಗಿನವರಿಗೆ ಹಾಗಲ್ಲ. ಹಾಗಾಗಿ ಅವರು ಹೇಳೋ ಸಲಹೆ ನಮಗೆ ಹೊಂದಲ್ಲ.

ಸಾಲದ ಬಗ್ಗೆ ಇನ್ನೊಂದು ಮಾತು. ಪೂರ್ತಿ ಬೆಲೆಗೆ ಏಳು ವರ್ಷದ ಸಾಲ ಮಾಡಿದ್ರೆ ಮೊದಮೊದಲು ಕಂತಲ್ಲಿ ಬಡ್ಡಿ ಭಾಗ ಜಾಸ್ತಿ, ಅಸಲು ನಿಧಾನಕ್ಕೆ ಇಳಿಯುತ್ತೆ, ಆದ್ರೆ ವ್ಯಾನಿನ ಬೆಲೆ ಮೊದಮೊದಲೇ ಜೋರಾಗಿ ಇಳಿಯುತ್ತೆ. ಎರಡನೇ ವರ್ಷದಲ್ಲಿ ಮಾರೋಕೆ ಹೋದ್ರೆ ಸಾಲ ವ್ಯಾನಿಗಿಂತ ದೊಡ್ಡದಾಗಿರಬಹುದು. ಆಗ "ಪರವಾಗಿಲ್ಲ ಸರ್, ಉಳಿದಿದ್ದನ್ನ ಹೊಸ ಲೋನಿಗೆ ಸೇರಿಸ್ತೀವಿ" ಅಂತ ಹೇಳೋರು ಸಿಕ್ತಾರೆ. ಅಂದ್ರೆ ಕೈಲಿಲ್ಲದ ವ್ಯಾನಿಗೂ ಮುಂದಿನ ಏಳು ವರ್ಷ ಬಡ್ಡಿ ಕಟ್ಟಬೇಕು. ಇದನ್ನ ದಯವಿಟ್ಟು ಮಾಡಬೇಡಿ.

ಇನ್ನು ತೂಕ. ಅಪ್‌ಗ್ರೇಡ್ ಅಂದ್ರೆ ಸಾಮಾನ್ಯವಾಗಿ ದೊಡ್ಡದು, ದೊಡ್ಡದು ಅಂದ್ರೆ ಭಾರ. ಇಲ್ಲಿ ಕ್ಯಾರವಾನ್ ಪ್ಲೇಟ್ ಮೇಲೆ ಎಟಿಎಂ ಅಂತ ಇರುತ್ತೆ, ಸಾಮಾನು ನೀರು ಗ್ಯಾಸ್ ಎಲ್ಲ ತುಂಬಿ ವ್ಯಾನ್ ಇರಬಹುದಾದ ಗರಿಷ್ಠ ತೂಕ ಅದು. ಟೇರ್ ಅಂದ್ರೆ ಖಾಲಿ ತೂಕ. ಎರಡರ ಅಂತರವೇ ನೀವು ತುಂಬಬಹುದಾದ ಸಾಮಾನು. 400 ಕೆಜಿ ಅಂತ ಕೇಳಿದ್ರೆ ಬೇಕಾದಷ್ಟಾಯ್ತು ಅನ್ಸುತ್ತೆ, ಆದ್ರೆ 95 ಲೀಟರಿನ ಎರಡು ನೀರಿನ ಟ್ಯಾಂಕ್ ತುಂಬಿಸಿದ್ರೆ 190 ಕೆಜಿ ಅಲ್ಲೇ ಹೋಯ್ತು, 9 ಕೆಜಿಯ ಎರಡು ಗ್ಯಾಸ್ ಸಿಲಿಂಡರ್ ಖಾಲಿ ಡಬ್ಬಿ ಸೇರಿ ಹೆಚ್ಚುಕಮ್ಮಿ 36 ಕೆಜಿ, ಉಳಿದಿದ್ದು 174. ಅದರೊಳಗೆ ಅನೆಕ್ಸ್ (ವ್ಯಾನಿನ ಪಕ್ಕಕ್ಕೆ ಕಟ್ಟೋ ಟೆಂಟು), ಕುರ್ಚಿ, ಸೈಕಲ್ಲು, ಬಟ್ಟೆ, ನಮ್ಮ ಅಕ್ಕಿ ಬೇಳೆ ಕುಕ್ಕರ್ ಎಲ್ಲ. ಇನ್ನೊಂದು ಕಡೆ ಕಾರು. ಇಲ್ಲಿ ಮಾರೋ ಬಹುಪಾಲು ದೊಡ್ಡ ಯೂಟು ಅಂದ್ರೆ ಪಿಕ್‌ಅಪ್, ಫೋರ್‌ವೀಲ್ ಡ್ರೈವ್ ಗಾಡಿಗಳ ಎಳೆಯೋ ಮಿತಿ 3,500 ಕೆಜಿ. ಆದ್ರೆ ಅದು ಬ್ರೋಷರ್ ನಂಬರ್. ಕಾರು, ಒಳಗಿನ ಜನ, ಸಾಮಾನು, ವ್ಯಾನು ಎಲ್ಲ ಸೇರಿ ಜಿಸಿಎಂ ಅನ್ನೋ ಇನ್ನೊಂದು ಮಿತಿ ಇದೆ, ವ್ಯಾನಿನ ಮೂತಿ ಕಾರಿನ ಟೋ ಬಾಲ್ ಮೇಲೆ ಒತ್ತೋ ತೂಕ ಕಾರಿನ ಲೆಕ್ಕಕ್ಕೆ ಸೇರುತ್ತೆ. ನಮ್ಮ ಮಧ್ಯಮ ಎಸ್‌ಯುವಿ 2,000 ಕೆಜಿ ಎಳೆಯುತ್ತೆ, ವ್ಯಾನ್ ದೊಡ್ಡದು ಮಾಡಿದ್ರೆ ಕಾರೂ ಬದಲಾಯಿಸಬೇಕು, ಅಲ್ಲಿ ಎರಡನೇ ಸವಕಳಿ ಶುರು. ವ್ಯಾನ್ ಡೀಲರ್ ಈ ಲೆಕ್ಕ ತೆಗೆಯೋದೇ ಇಲ್ಲ. ರೀಸೇಲಿಗೂ ಇದರ ಸಂಬಂಧ ಇದೆ, ಹಗುರ ವ್ಯಾನನ್ನ ಎಳೆಯೋಕೆ ಆಗೋ ಕಾರುಗಳು ಜಾಸ್ತಿ, ಹಾಗಾಗಿ ಕೊಳ್ಳೋರೂ ಜಾಸ್ತಿ. 3,500 ಕೆಜಿ ಹತ್ತಿರದ ವ್ಯಾನಿಗೆ ದೊಡ್ಡ ಗಾಡಿ ಇರೋರಷ್ಟೇ ಗಿರಾಕಿ.

ಹಾಗಾದ್ರೆ ಯಾವುದು ಬೆಲೆ ಉಳಿಸುತ್ತೆ? ನಾನು ಕೇಳಿದ, ವ್ಯಾನ್ ಪರೀಕ್ಷೆ ಮಾಡೋ ಪ್ರತಿಯೊಬ್ಬ ಇನ್‌ಸ್ಪೆಕ್ಟರೂ ಮೊದಲು ಹೇಳಿದ್ದು ನೀರು. ಮರದ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ಶೀಟ್ ಹೊಡೆದಿರೋ ವ್ಯಾನ್ ಆಗಲಿ, ಫೈಬರ್‌ಗ್ಲಾಸ್ ಕಾಂಪೊಸಿಟ್ ಪ್ಯಾನೆಲ್ ಆಗಲಿ, ಕಿಟಕಿ ಅಂಚು, ಛಾವಣಿಯ ಹ್ಯಾಚ್, ಲೈಟ್ ಕೂರಿಸಿದ ಜಾಗದ ಸೀಲೆಂಟ್ ಬಿರುಕು ಬಿಟ್ರೆ ಒಳಗೆ ತೇವ ಸೇರುತ್ತೆ. ಮರ ಕೊಳೆಯುತ್ತೆ, ಪ್ಯಾನೆಲ್ ಪದರ ಬಿಟ್ಕೊಳ್ಳುತ್ತೆ, ಹೊರಗಡೆಯಿಂದ ಏನೂ ಕಾಣಲ್ಲ. ನಮ್ಮ ವ್ಯಾನ್ ನೋಡೋಕೆ ಬಂದೋರು ತೇವ ಅಳೆಯೋ ಮೀಟರ್ ತಂದಿದ್ರು, ಮುಂದಿನ ಡಿಕ್ಕಿ ಮೇಲ್ಗಡೆ ಕಿಟಕಿ ಮೂಲೇಲಿ ಮೀಟರ್ ಕೂಗ್ತು, ಅಲ್ಲಿಗೆ ಮಾತುಕತೆ ಮುಗೀತು. ಹೊಸದಾಗಿ ಬಂದಾಗಿಂದಲೇ ಆ ಮೂಲೆ ಸೀಲ್ ಸರಿಯಾಗಿ ಹಾಕಿರ್ಲಿಲ್ಲ ಅಂತ ಆಮೇಲೆ ರಿಪೇರಿಯವರು ಹೇಳಿದ್ರು, ಮಾರಿದವರನ್ನ ಕೇಳಿದ್ರೆ ವರ್ಷ ವರ್ಷ ಸರ್ವಿಸ್ ಮಾಡಿಸಿದ ದಾಖಲೆ ತನ್ನಿ ಅಂದ್ರು, ನಮ್ಮ ಹತ್ರ ಎರಡು ವರ್ಷದ್ದು ಇರ್ಲಿಲ್ಲ. ಇದು ನಮ್ಮೊಬ್ಬರ ಕತೆ ಅಲ್ಲ. ಇಲ್ಲಿನ ಗ್ರಾಹಕ ಆಯೋಗ ಎಸಿಸಿಸಿ 2022ರ ಜುಲೈನಲ್ಲಿ ಹೊಸ ಕ್ಯಾರವಾನ್ ಮಾರಾಟದ ಬಗ್ಗೆ ಒಂದು ವರದಿ ತಂತು, ಅವರ ಸಮೀಕ್ಷೆಗೆ ಉತ್ತರ ಕೊಟ್ಟವರಲ್ಲಿ 80% ಜನ ತಮ್ಮ ಹೊಸ ವ್ಯಾನಲ್ಲಿ ಏನಾದರೊಂದು ತೊಂದರೆ ಬಂತು ಅಂದಿದ್ರು. ಹೊಸದು ಅಂದ್ರೆ ತಲೆನೋವಿಲ್ಲ ಅಂದ್ಕೊಂಡು ಅಪ್‌ಗ್ರೇಡ್ ಮಾಡೋರು ಈ ಒಂದು ಸಾಲು ಓದಬೇಕು. ಮೂರ್ನಾಲ್ಕು ವರ್ಷದ ಹಳೇ ವ್ಯಾನಲ್ಲಿ ಅಂಥ ಚಿಲ್ಲರೆ ದೋಷಗಳನ್ನ ಮೊದಲ ಮಾಲೀಕ ವಾರಂಟೀಲಿ ಸರಿ ಮಾಡಿಸಿರೋ ಸಾಧ್ಯತೆ ಜಾಸ್ತಿ, ಜೊತೆಗೆ ಕಡಿದಾದ ಇಳಿಜಾರಿನ ದುಡ್ಡೂ ಅವನದೇ ಹೋಗಿರುತ್ತೆ. ಬದಲಾಯಿಸಲೇಬೇಕು ಅನ್ನೋರಿಗೆ ನಾನು ಹೇಳೋದು ಅಂಥದ್ದನ್ನೇ.

ಎಕ್ಸ್‌ಟ್ರಾ ಫಿಟ್ಟಿಂಗ್ ದುಡ್ಡು ವಾಪಸ್ ಬರಲ್ಲ. ಲಿಥಿಯಂ ಬ್ಯಾಟರಿ, ಜಾಸ್ತಿ ಸೋಲಾರ್ ಪ್ಯಾನೆಲ್ ಹಾಕಿಸಿದ್ರೆ ವ್ಯಾನ್ ಬೇಗ ಮಾರಾಟ ಆಗಬಹುದು, ಹಾಕಿದ ದುಡ್ಡು ಬೆಲೇಲಿ ಕೂಡಲ್ಲ. ಸ್ವಂತ ವೈರಿಂಗ್ ಮಾಡಿದ್ರಂತೂ ಕೊಳ್ಳೋನು ಹೆದರ್ತಾನೆ. ಬದಲಿಗೆ ಬೇರಿಂಗ್, ಬ್ರೇಕ್ ಸರ್ವಿಸ್ ಬಿಲ್ಲುಗಳ ಫೈಲು, ಟಯರಿನ ವಯಸ್ಸು, ಆಲಿಕಲ್ಲು ಮಳೆ ಬಿದ್ದ ಗುರುತಿಲ್ಲದ ಛಾವಣಿ, ಇವೇ ಕೆಲಸಕ್ಕೆ ಬರೋದು. ಗಿಬ್ ರಿವರ್ ರೋಡ್, ಕೇಪ್ ಯಾರ್ಕ್ ಅಂತ ಮಣ್ಣು ರಸ್ತೇಲಿ ಓಡಿಸಿದ ಫೋಟೋಗಳನ್ನ ಜಾಹೀರಾತಲ್ಲಿ ಹಾಕಬೇಡಿ, ನಿಮಗೆ ಹೆಮ್ಮೆ, ನೋಡೋನಿಗೆ ಅದು ಸಡಿಲ ಆದ ಸ್ಕ್ರೂ. ನಮ್ಮವರಿಗೊಂದು ವಿಶೇಷ: ಒಗ್ಗರಣೆ. ಒಳಗೆ ಸಾಸಿವೆ ಸಿಡಿಸಿ, ಮೀನು ಹುರಿದು ಮಾಡಿದ ವ್ಯಾನಿನ ಪರದೆ, ಕುಶನ್ನು, ಹಾಸಿಗೆ ಎಲ್ಲ ವಾಸನೆ ಹಿಡಿದಿರುತ್ತೆ, ನಮಗೆ ಗೊತ್ತಾಗಲ್ಲ, ಬಾಗಿಲು ತೆಗೆದ ಕೂಡಲೇ ಬೇರೆಯವರಿಗೆ ಗೊತ್ತಾಗುತ್ತೆ. ನಾವು ಎರಡನೇ ವರ್ಷದಿಂದ ಒಲೆ ಹೊರಗೇ ಇಟ್ವಿ, ಅಡುಗೆ ಮಾಡೋರಿಗೂ ಗಾಳಿ, ವ್ಯಾನಿಗೂ ಒಳ್ಳೇದು.

ಕೊಳ್ಳೋದಾದ್ರೆ ಪಿಪಿಎಸ್‌ಆರ್ ಚೆಕ್ ಬಿಡಬೇಡಿ. ಸರ್ಕಾರದ ರಿಜಿಸ್ಟರ್ ಅದು, 2 ಡಾಲರ್, ವ್ಯಾನಿನ ಅಕ್ಷರ, ಅಂಕಿ ಸೇರಿ 17 ಇರೋ ವಿನ್ ನಂಬರ್ (ಗಾಡಿಯ ಗುರುತಿನ ನಂಬರ್) ಹಾಕಿದ್ರೆ ಅದರ ಮೇಲೆ ಸಾಲ ಬಾಕಿ ಇದೆಯಾ ಅಂತ ಗೊತ್ತಾಗುತ್ತೆ. ಬಾಕಿ ಇರೋದನ್ನ ಗೊತ್ತಿಲ್ಲದೆ ಕೊಂಡ್ರೆ ಸಾಲ ಕೊಟ್ಟವರು ನಿಮ್ಮ ಮನೆ ಮುಂದಿಂದಲೇ ವ್ಯಾನ್ ಎಳ್ಕೊಂಡು ಹೋಗಬಹುದು. ದುಡ್ಡು ಕೊಡೋ ದಿನ ಅಥವಾ ಹಿಂದಿನ ದಿನವೇ ಚೆಕ್ ಮಾಡಿ ಸರ್ಟಿಫಿಕೇಟ್ ಇಟ್ಕೊಳ್ಳಿ, ಕಾನೂನಿನ ರಕ್ಷಣೆ ಇರೋದು ಆ ಅವಧಿಗೆ. ಕ್ವೀನ್ಸ್‌ಲ್ಯಾಂಡಲ್ಲಿ ಮಾರೋದಾದ್ರೆ ಗ್ಯಾಸ್ ಸರ್ಟಿಫಿಕೇಟ್ ಬೇಕು, ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ಗಡಿ ದಾಟಿ ಕೊಳ್ಳೋ ಮುಂಚೆ ನೋಡ್ಕೊಳ್ಳಿ. ಇನ್ನು ಮಾರೋ ಸಮಯ, ವಿಕ್ಟೋರಿಯಾದಲ್ಲಿ ಸೆಪ್ಟೆಂಬರಿಂದ ನವೆಂಬರ್, ಕ್ರಿಸ್‌ಮಸ್ ರಜಕ್ಕೆ ಮುಂಚೆ. ಜೂನ್ ಚಳೀಲಿ ಮಾರೋಕೆ ಇಟ್ಟು ಯಾರೂ ಕೇಳ್ತಿಲ್ಲ ಅಂತ ರೇಟ್ ಇಳಿಸ್ತಾ ಹೋದ್ರೆ ನಷ್ಟ ನಿಮಗೇ.

ನಾವು ಕೊನೆಗೆ ಮಾಡಿದ್ದು ಇಷ್ಟು. ಆ ಕಿಟಕಿ ತೆಗೆಸಿ ಹೊಸದಾಗಿ ಸೀಲ್ ಹಾಕಿಸಿದ್ವಿ, ಛಾವಣಿ ಅಂಚನ್ನೂ ಪೂರ್ತಿ ಮಾಡಿಸಿದ್ವಿ, ದೊಡ್ಡ ಮಗನಿಗೆ ಬಂಕ್ ಬದಲು ಅನೆಕ್ಸಲ್ಲಿ ಮಡಚೋ ಸ್ಟ್ರೆಚರ್ ಹಾಸಿಗೆ. ಒಟ್ಟು 3,100 ಡಾಲರ್ ಆಯ್ತು. ತೇವ ಅಳೆಯೋ ಮೀಟರ್ ಒಂದು ತಗೊಂಡಿದೀನಿ, ಮಳೆ ಬಂದ ವಾರ ಸ್ಟೋರೇಜಿಗೆ ಹೋಗಿ ಆ ಮೂಲೇಲಿ ಇಟ್ಟು ನೋಡಿ, ತಾರೀಕು ಸಮೇತ ಫೈಲಲ್ಲಿ ಬರ್ದಿಡ್ತೀನಿ. ಈಸ್ಟರಿಗೆ ಗ್ರ್ಯಾಂಪಿಯನ್ಸ್ ಬೆಟ್ಟಗಳಲ್ಲಿ ಐದು ರಾತ್ರಿ ಬುಕ್ ಆಗಿದೆ.